ಬಂಡೆಸಾಲಿನ ಕುದುರೆಗಾಡಿ ದಾರಿ

ಅಮೆರಿಕದ ಪೂರ್ವ ಆರೆಗಾನಿನ ಆ ಎತ್ತರದ ಬಯಲಲ್ಲಿ ಆಗಸ್ಟ್ ಬಂತೆಂದರೆ ಒಣಗಿದ ಸೇಜ್ ಪೊದೆಗಳಿಗೆ ಒಂದು ಕಿಡಿ ಸಾಕು. ಆ ವರ್ಷ ಸಿಡಿಲು ಹೊಡೆಯಿತು. ಮಧ್ಯಾಹ್ನದ ಹೊತ್ತಿಗೆ ಓರ್ವಲ್ ಟಿಬೆಟ್ಸ್ ಮುದುಕನ ಮನೆಗಿದ್ದ ಒಂದೇ ಜಲ್ಲಿ ರಸ್ತೆಗೆ ಬೆಂಕಿ ಅಡ್ಡ ಬಿತ್ತು. ಫೋನಿಗೂ ಅವನು ಸಿಗಲಿಲ್ಲ.

ನೆರೆಯ ಐಡೆಲ್ಲಾ ಅಡುಗೆಮನೆಯ ಗೋಡೆಯಿಂದ ಹಳೇ ನಕ್ಷೆ ಇಳಿಸಿದಳು. ಅವಳ ತಾತನ ಕಾಲದ್ದು. ಹೊಸ ನಕ್ಷೆಗಳು ಕೈಬಿಟ್ಟಿದ್ದ ಕುದುರೆಗಾಡಿ ದಾರಿಯೊಂದು ಅದರಲ್ಲಿ ಬಂಡೆಸಾಲು ಹತ್ತಿ ಓರ್ವಲ್‌ನ ಹಿತ್ತಲಿಗೆ ಇಳಿದಿತ್ತು.

“ಆ ಓಬೀರಾಯನ ಕಾಲದ ಕಾಗದ ನಂಬ್ಕೊಂಡು ಹೊರಟ್ಯಾ?” ಎಂದ ಗಂಡ ಮರ್ಲ್.

“ದಾರಿ ಅಳಿಸಿರಬಹುದು. ಗುಡ್ಡ ಎದ್ದು ಓಡಿಹೋಗಿರುತ್ತೇನು? ಜೀಪ್ ತೆಗಿ.”

ದಾರಿಯೆಂಬುದು ಪೊದೆಗಳ ನಡುವೆ ತುಸು ತಗ್ಗಾದ ಪಟ್ಟಿಯಾಗಿ ಉಳಿದಿತ್ತು, ಅಷ್ಟೇ. ಅರ್ಧ ಹತ್ತುವಷ್ಟರಲ್ಲಿ ಅದೂ ಕೊರಕಲಿಗೆ ಕುಸಿದಿತ್ತು. ಮರ್ಲ್ ಬ್ರೇಕ್ ಒತ್ತಿ, “ಮುಗೀತು” ಎಂದ. ಐಡೆಲ್ಲಾ ನಕ್ಷೆಯಲ್ಲಿ ಎತ್ತರ ತೋರಿಸುವ ಕಂದು ಗೆರೆಗಳ ಮೇಲೆ ಬೆರಳಾಡಿಸಿದಳು. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಕಡಿದಾದ ಏರು. ಉತ್ತರಕ್ಕೆ ಅವು ಬಿಡಿಬಿಡಿಯಾಗಿದ್ದವು.

“ಆ ಕಡೆ ತಿರುಗ್ಸು. ಏರು ಅಷ್ಟು ಕಡಿದಿಲ್ಲ.”

ಗಾಡಿಯ ಹೊಟ್ಟೆ ಎರಡು ಸಲ ಕಲ್ಲಿಗೆ ಉಜ್ಜಿತು. ಆದರೂ ದಾಟಿತು.

ಹಿತ್ತಲಲ್ಲಿ ಓರ್ವಲ್ ಪೈಪ್ ಹಿಡಿದು ಚಾವಣಿಗೆ ನೀರು ಬಿಡುತ್ತಿದ್ದ. “ಯಾವ ಕಡೆಯಿಂದ ಉದುರಿದ್ರಪ್ಪ ನೀವು?”

“ಮಾತು ಆಮೇಲೆ, ಹತ್ತು,” ಎಂದಳು ಐಡೆಲ್ಲಾ.

“ನನ್ನ ಮೂರು ಕುದುರೆ ಬಿಟ್ಟು ನಾನು ಬರಲ್ಲ ಕಣಮ್ಮ. ಬೇಕಾದ್ರೆ ಇಲ್ಲೇ ಸುಟ್ಟು ಹೋಗ್ತೀನಿ.”

“ಬಿಡು ಅಂದೋರ್ಯಾರು ಮುದುಕಾ? ಕುದುರೆಗೇ ಮಾಡಿದ ದಾರಿ ಅದು!”

ಮರ್ಲ್ ಮುಂದೆ ಮೆಲ್ಲಗೆ ಗಾಡಿ ಬಿಟ್ಟ. ಓರ್ವಲ್ ಹೆಣ್ಣುಕುದುರೆಯ ಬೆನ್ನೇರಿದ. ಉಳಿದೆರಡರ ಹಗ್ಗ ಹಿಡಿದು ಐಡೆಲ್ಲಾ ನಡೆದಳು. ಹೊಗೆಗೆ ಬೆದರಿದ ಕಿರಿಯ ಕುದುರೆ ಜಗ್ಗಿದ ರಭಸಕ್ಕೆ ಅವಳ ಅಂಗೈ ಸುಲಿಯಿತು. ಕೈ ಸಡಿಲಿಸಲಿಲ್ಲ.

ಬಂಡೆಸಾಲಿನ ತಲೆಗೆ ಬಂದು ತಿರುಗಿ ನೋಡಿದರು. ಮನೆ ಉರಿಯುತ್ತಿತ್ತು. ಓರ್ವಲ್ ಬಹಳ ಹೊತ್ತು ನೋಡಿದ. “ಚಾವಣಿ ಹೇಗಿದ್ರೂ ಸೋರ್ತಿತ್ತು” ಅಂದ. ಹೆಣ್ಣುಕುದುರೆಯನ್ನು ದಾರಿಗೆ ತಿರುಗಿಸಿದ.

ಚಳಿಗಾಲವೆಲ್ಲ ಅವನು ಅವರ ಮನೆಯಲ್ಲೇ ಇದ್ದ. ಐಡೆಲ್ಲಾಳ ಕಾಫಿ ಕಲಗಚ್ಚಿನ ಹಾಗಿದೆ ಎನ್ನುತ್ತಲೇ ದಿನಾ ಎರಡು ಲೋಟ ಕುಡಿಯುತ್ತಿದ್ದ. ಹಿಮ ಕರಗಿದ ಮೇಲೆ ಹೊಸ ಮನೆಗೆ ಕಂಬ ನೆಟ್ಟ.