ಗೋಸುಂಬೆಯಕ್ಕನ ಕಿವಿಮಾತು

ನಾಟಕ ತಂಡದವರು ಅವಳಿಗೆ ಗೋಸುಂಬೆ ಎಂದು ಹೆಸರಿಟ್ಟಿದ್ದು ಹೊಗಳುವುದಕ್ಕೆ. ಬೇರೆ ಯಾರಿಗಾದರೂ ಹಾಗಂದಿದ್ದರೆ ಚಪ್ಪಲಿ ಕೈಗೆ ಬರುತ್ತಿತ್ತು. ಇವಳು ಮಾತ್ರ ಅದನ್ನು ಯಾವುದೋ ಡಿಗ್ರಿಯ ಹಾಗೆ ಹಚ್ಚಿಕೊಂಡು ಓಡಾಡಿದಳು. ರಂಗದ ಮೇಲೆ ರಾಣಿಯಾದಳು, ರಾಣಿಯ ದಾಸಿಯಾದಳು, ಒಂದು ಸಲ ರಾಣಿಯ ಕುದುರೆಯ ಹಿಂಭಾಗವೂ ಆದಳು. ಆ ಕುದುರೆಯ ಮುಂಭಾಗವಾಗಿದ್ದ ನಟ ಇವತ್ತಿಗೂ "ಚಪ್ಪಾಳೆಯೆಲ್ಲ ಹಿಂದುಗಡೆಗೇ ಹೋಯ್ತು" ಎಂದು ಕೊರಗುತ್ತಾನೆ. ಇನ್ನೊಂದು ಸಲ ಮೂವರು ನಟರು ಒಟ್ಟಿಗೇ ಜ್ವರ ಹಿಡಿದು ಮಲಗಿದಾಗ, ಪತ್ತೇದಾರಿ ನಾಟಕವೊಂದರ ನಾಲ್ಕು ಪಾತ್ರಗಳನ್ನು ಒಬ್ಬಳೇ ನುಂಗಿ ನೀರು ಕುಡಿದಳು. ಕೊಂದವಳೂ ಅವಳೇ, ಸತ್ತವಳೂ ಅವಳೇ, ಸಾಕ್ಷಿ ಹೇಳಿದ ಪಕ್ಕದ ಮನೆಯ ಮುದುಕನೂ ಅವಳೇ, ಮೂರನೇ ಅಂಕದಲ್ಲಿ ಬಂದು ತನಿಖೆ ಮಾಡಿದವಳೂ ಅವಳೇ. ಕೊನೆಗೆ ತನಗೆ ತಾನೇ ಬೇಡಿ ಹಾಕಿಕೊಂಡು, ತನ್ನನ್ನು ತಾನೇ ದರದರ ಎಳೆದುಕೊಂಡು ಹೋದಾಗ ಜನ ಎದ್ದು ನಿಂತಿದ್ದರು.

ಆಮೇಲೆ ಟೀವಿ ಕರೆಯಿತು. ಬೆಳಗಿನ ಅಡುಗೆ ಕಾರ್ಯಕ್ರಮದಲ್ಲಿ ನಗುನಗುತ್ತಾ ಈರುಳ್ಳಿ ಹೆಚ್ಚಿದಳು. ಸಂಜೆಯ ಧಾರಾವಾಹಿಯಲ್ಲಿ ಈರುಳ್ಳಿಯ ಹಂಗಿಲ್ಲದೆ ಅತ್ತಳು. ಅತ್ತೆಯಾಗಿ ಅತ್ತಳು, ಅತ್ತೂ ಅತ್ತೂ ಹನ್ನೊಂದು ವರ್ಷ ಅತ್ತೆಯಾಗಿಯೇ ಉಳಿದಳು.

ಧಾರಾವಾಹಿಯಲ್ಲಿ ಮಾತು ಬಾಯಿಪಾಠ ಮಾಡುವಷ್ಟು ಪುರುಸೊತ್ತು ಯಾರಿಗಿದೆ? ಬರೆದ ಹಾಳೆ ಪ್ರಿಂಟರಿನಿಂದ ಬೆಚ್ಚಗೆ ಬಂದು ಬೀಳುವಷ್ಟರಲ್ಲಿ ಕ್ಯಾಮೆರಾ ತಯಾರಾಗಿರುತ್ತದೆ. ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಕೂತ ಸಹಾಯಕಿ ಒಂದೊಂದೇ ವಾಕ್ಯ ಓದಿ ಕೊಡುತ್ತಾಳೆ. ನಟರು ಅದನ್ನು ಕಿವಿಯಲ್ಲಿ ಹಿಡಿದು, ಅಳುವೋ ಸಿಟ್ಟೋ ಬೆರೆಸಿ, ಬಾಯಲ್ಲಿ ಬಿಡುತ್ತಾರೆ. ಪ್ರಾಂಪ್ಟಿಂಗ್ ಅಂತ ಇದಕ್ಕೆ ಹೆಸರು. ಸಹಾಯಕಿಯ ದನಿಯನ್ನು ಆಮೇಲೆ ಅಳಿಸಿಬಿಡುತ್ತಾರೆ. ಗೋಸುಂಬೆ ಇದರಲ್ಲಿ ಎಷ್ಟು ಪಳಗಿದಳೆಂದರೆ, ಒಂದು ದಿನ ಸಹಾಯಕಿ "ಇವಳನ್ನು ಮನೆಯಿಂದ ಆಚೆ ಹಾಕಿ" ಎಂದು ಓದಿ, ಅದೇ ಉಸಿರಿನಲ್ಲಿ "ಆ ಫ್ಯಾನ್ ಆಫ್ ಮಾಡ್ರೋ" ಎಂದಳು. ಗೋಸುಂಬೆ ಸೊಸೆಯತ್ತ ಬೆರಳು ತೋರಿಸಿ, "ಇವಳನ್ನು ಮನೆಯಿಂದ ಆಚೆ ಹಾಕಿ! ಆ ಫ್ಯಾನ್ ಆಫ್ ಮಾಡ್ರೋ!" ಎಂದು ಗುಡುಗಿದಳು. ಅದು ಹಾಗೆಯೇ ಪ್ರಸಾರವಾಯಿತು. ಸೊಸೆಗೆ ಗಾಳಿ ಕೂಡ ದಕ್ಕಬಾರದೆನ್ನುವ ಎಂಥ ರಾಕ್ಷಸಿ ಎಂದು ಜನ ಹಲ್ಲು ಕಡಿದರು.

ಒಂದು ದಿನ ಚಾನೆಲ್ಲಿಗೆ ಹೊಸ ಸಾಹೇಬರು ಬಂದರು. ಕಥೆಯಲ್ಲಿ ವಯಸ್ಸಾದವರು ಜಾಸ್ತಿಯಾದರು ಎಂದರು. ಅತ್ತೆಯನ್ನು ವಿಮಾನ ಹತ್ತಿಸಿ ಎಲ್ಲಿಗೋ ಕಳಿಸಿದರು. ಆ ವಿಮಾನ ಇನ್ನೂ ಇಳಿದಿಲ್ಲ.

ಹೀಗೆ ಗಾಳಿಯಲ್ಲಿ ತೇಲುತ್ತಿದ್ದಾಗಲೇ ಹಳೆಯ ತಂಡದ ಮೇಷ್ಟ್ರು ಫೋನ್ ಮಾಡಿದ್ದು.

"ಏನೇ, ಖಾಲಿ ಇದ್ದೀಯಂತೆ?"

"ಖಾಲಿ ಯಾಕಿರ್ಲಿ ಮೇಷ್ಟ್ರೆ? ಭರ್ತಿ ವಿಶ್ರಾಂತೀಲಿದ್ದೀನಿ."

"ಲಾಡ್ಜಿನ ಒಡತಿ ಅಂತ ಒಂದು ನಾಟಕ ಬರ್ದಿದ್ದೀನಿ. ರೂಮ್ ಖಾಲಿ ಮಾಡದ ಬಾಡಿಗೆದಾರ ಒಬ್ಬ, ಅವನನ್ನ ಎಬ್ಬಿಸೋಕೆ ನೋಡೋ ಒಡತಿ ಒಬ್ಳು. ಒಡತಿ ನೀನು. ಅರವತ್ತು ಪುಟ ಮಾತು. ನನ್ನ ನಾಟಕದಲ್ಲಿ ಪ್ರಾಂಪ್ಟರ್ ಇರಲ್ಲ, ಗೊತ್ತಲ್ಲ?"

"ಅಯ್ಯೋ, ನಂಗೇ ಹೇಳ್ತೀರಾ?" ಎಂದು ನಕ್ಕಳು. ಹನ್ನೊಂದು ವರ್ಷದಲ್ಲಿ ಅಷ್ಟು ಹಗುರವಾಗಿ ಅವಳು ನಕ್ಕಿರಲಿಲ್ಲ.

ತಾಲೀಮಿನ ಮೊದಲ ದಿನವೇ ಆ ನಗು ಬಾಯಲ್ಲಿ ಒಣಗಿತು. ಬಾಡಿಗೆದಾರನ ಪಾತ್ರದ ನಟ ತನ್ನ ಮಾತು ಮುಗಿಸಿ ಕಾದ. ಗೋಸುಂಬೆ ಅವನ ಎಡ ಭುಜದಾಚೆ, ಕ್ಯಾಮೆರಾ ಇರಬೇಕಾದ ಜಾಗವನ್ನು ನೋಡುತ್ತಾ ಕಾದಳು. ಅಲ್ಲೊಂದು ಕಸಬರಿಕೆ ಗೋಡೆಗೆ ಒರಗಿ ನಿಂತಿತ್ತು. ಅದು ಏನೂ ಓದಿ ಕೊಡಲಿಲ್ಲ. ಎರಡನೇ ದಿನ ಹಾಗೇ. ಮೂರನೇ ದಿನ ಬಾಡಿಗೆದಾರ, "ಅಕ್ಕ, ನನ್ನ ಕಡೆ ನೋಡಿದ್ರೂ ನಡಿಯತ್ತೆ" ಎಂದ. ನಾಲ್ಕನೇ ದಿನ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೇಷ್ಟ್ರು ಕನ್ನಡಕ ಒರೆಸಿದರೆ ಯಾರಿಗೋ ಗ್ರಹಚಾರ ಕಾದಿದೆಯೆಂದೇ ಅರ್ಥ.

"ಶನಿವಾರ ಮಧ್ಯಾಹ್ನ ಮೂರಕ್ಕೆ ಪೂರ್ತಿ ನಾಟಕ ಓಡಿಸ್ತೀನಿ," ಎಂದರು. "ಅವತ್ತೂ ಹೀಗೇ ಆದ್ರೆ ಒಡತಿ ಪಾತ್ರ ನಿನ್ನ ತಂಗಿಗೆ."

ತಂಗಿ ಅಲ್ಲೇ ಕೂತು ಉಡುಪಿನ ಗುಂಡಿ ಹೊಲಿಯುತ್ತಿದ್ದಳು. ಅವಳೂ ಅದೇ ತಂಡದ ನಟಿ. ಇಪ್ಪತ್ತು ವರ್ಷ ಪಾತ್ರ ಮಾಡಿದರೂ ಜನ ಅವಳನ್ನು ಗುರುತಿಸುವುದು ಗೋಸುಂಬೆಯ ತಂಗಿ ಎಂದೇ. ಅರವತ್ತು ಪುಟವೂ ಅವಳ ನಾಲಿಗೆಯ ತುದಿಯಲ್ಲಿತ್ತು.

"ನಂಗೇನ್ ಬೇಡಮ್ಮ ನಿನ್ ಪಾತ್ರ," ಎಂದಳು ದಾರವನ್ನು ಹಲ್ಲಿನಿಂದ ಕಡಿಯುತ್ತಾ. "ಆದ್ರೆ ಅವರಾಗೇ ಕೊಟ್ರೆ, ಒಲ್ಲೆ ಅನ್ನೋಕೆ ನಂಗೆ ಅಷ್ಟು ಚೆನ್ನಾಗಿ ನಟನೆ ಬರಲ್ಲ."

ಗೋಸುಂಬೆ ಮನೆಗೆ ಹೋಗಿ ಗಂಡನ ಕೈಗೆ ಹಸ್ತಪ್ರತಿ ಕೊಟ್ಟಳು. ಗಂಡ ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಹೆಂಡತಿ ಮುನಿಸಿಕೊಂಡಿದ್ದು ಅವನ ಗಮನಕ್ಕೆ ಬರದೇ ಇರಬಹುದು, ಚುಕ್ಕಿಯೊಂದು ಬಿಟ್ಟುಹೋಗಿದ್ದು ಮಾತ್ರ ಕಣ್ಣು ತಪ್ಪುವುದಿಲ್ಲ.

"ಓದಿ, ನಾನು ಹೇಳ್ತೀನಿ. ಹೇಳ್ತಾ ಹೇಳ್ತಾ ಬಾಯಿಗೆ ಬರತ್ತೆ."

ಗಂಡ ಗಂಟಲು ಸರಿಮಾಡಿಕೊಂಡ. "ನೀವು ಇನ್ನೂ ಹೋಗಿಲ್ಲವೇ ಪ್ರಶ್ನೆ ಚಿಹ್ನೆ."

"ನೀವು ಇನ್ನೂ ಹೋಗಿಲ್ಲವೇ, ಪ್ರಶ್ನೆ ಚಿಹ್ನೆ!" ಎಂದು ಗೋಸುಂಬೆ ಕಣ್ಣು ಕೆಂಪಗೆ ಮಾಡಿದಳು. ಮಾಡಿ, ಅಲ್ಲೇ ಕುರ್ಚಿಯ ಮೇಲೆ ಕುಸಿದಳು. "ರೀ, ನಾನು ಮೈಕ್ ಆಗ್ಬಿಟ್ಟಿದ್ದೀನಿ ಕಣ್ರೀ."

ನಗುವ ಮಾತೇ. ಆದರೆ ಇಬ್ಬರೂ ನಗಲಿಲ್ಲ. ಹನ್ನೊಂದು ವರ್ಷ ಕಿವಿಯಿಂದ ಬಾಯಿಗೆ ನೇರ ಪೈಪು ಎಳೆದು, ನಡುವೆ ಇದ್ದ ತಲೆಗೆ ಸಂಬಳಸಹಿತ ರಜೆ ಕೊಟ್ಟಾಗಿತ್ತು. ಈಗ ಕೆಲಸಕ್ಕೆ ಬಾ ಎಂದರೆ ತಲೆ ಬಂದೀತೇ? ಒಡತಿ ಪಾತ್ರ ಕೈ ತಪ್ಪಿದರೆ ಆಮೇಲೆ ಯಾರೂ ಅವಳನ್ನು ರಂಗಕ್ಕೆ ಕರೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ನಟಿಯೇ ಅಲ್ಲವೆಂದು ಅವಳಿಗೇ ಖಾತ್ರಿಯಾಗಿಬಿಡುತ್ತದೆ.

ಶುಕ್ರವಾರ ಅವಳು ಅಂಗಡಿಗೆ ಹೋಗಿ ಕಡಲೆಕಾಳಿನಷ್ಟು ದೊಡ್ಡ ಇಯರ್‌ಫೋನ್ ತಂದಳು. ಒಡತಿಗೆ ಹೇಗೂ ನರೆಗೂದಲ ವಿಗ್ ಇತ್ತು. ಇಯರ್‌ಫೋನನ್ನು ಅದರೊಳಗೆ ಕಿವಿಯ ಹತ್ತಿರ ಹೊಲಿದುಕೊಂಡಳು. ಗಂಡ ಉಡುಪಿನ ಕೋಣೆಯಲ್ಲಿ ಅವಿತು ಕೂತು ಫೋನಿನಲ್ಲಿ ಓದಬೇಕು.

"ತಪ್ಪಲ್ವೇನೇ?" ಎಂದ ಗಂಡ.

"ಟೀವಿಲಿ ಎಲ್ಲರ ಕಣ್ಣೆದುರೇ ಮಾಡಿದ್ರೆ ಅದು ಕೆಲಸ. ಇಲ್ಲಿ ಮರೇಲಿ ಮಾಡಿದ್ರೆ ತಪ್ಪಾ? ಇದು ಬರೀ ಕಿವಿಮಾತು ಕಣ್ರೀ. ನೀವು ಚಿಹ್ನೆ ಗಿಹ್ನೆ ಓದ್ಬೇಡಿ, ಅಷ್ಟೇ."

ಶನಿವಾರ ಮೂರಕ್ಕೆ ನಾಟಕ ಶುರುವಾಯಿತು. ನೋಡುವವರು ಮೇಷ್ಟ್ರು, ತಂಡದ ಏಳೆಂಟು ಮಂದಿ, ಕುದುರೆಯ ಮುಂಭಾಗದ ನಟ. ಮೊದಲನೇ ಅಂಕ ಸೋಪಿನ ಮೇಲೆ ಕಾಲಿಟ್ಟ ಹಾಗೆ ಸರ್ರನೆ ಹೋಯಿತು. ಗಂಡ ಓದಿದ, ಹೆಂಡತಿ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಬಾಡಿಗೆದಾರ ಬಿಟ್ಟ ಬಾಯಿ ಮುಚ್ಚಲಿಲ್ಲ.

ಎರಡನೇ ಅಂಕದ ನಡುವೆ ಬಾಡಿಗೆದಾರ ತನ್ನ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, "ನಾನು ರೂಮ್ ಖಾಲಿ ಮಾಡಲ್ಲ" ಎಂದ. ಗೋಸುಂಬೆ ಸೊಂಟದ ಮೇಲೆ ಕೈಯಿಟ್ಟು ಮಾತಿಗೆ ಕಾದಳು. ಕಿವಿಯಲ್ಲಿ ಬಾಗಿಲು ಕಿರ್ರೆಂದ ಸದ್ದು. ಆಮೇಲೆ ತಂಗಿಯ ದನಿ. ಅವಳು ಮೂರನೇ ಅಂಕಕ್ಕೆ ಬೇಕಾದ ಟೋಪಿ ಹುಡುಕಿಕೊಂಡು ಉಡುಪಿನ ಕೋಣೆಗೆ ನುಗ್ಗಿದ್ದಳು.

"ಭಾವ! ಕೋಟುಗಳ ಮಧ್ಯೆ ಕೂತ್ಕೊಂಡು ಏನ್ ಮಾಡ್ತಿದ್ದೀರಾ?" ಎಂದಳು ಗೋಸುಂಬೆ, ಬಾಡಿಗೆದಾರನ ಮುಖಕ್ಕೆ ಮುಖ ಕೊಟ್ಟು.

ಬಾಡಿಗೆದಾರ ತನ್ನ ಸುತ್ತ ನೋಡಿಕೊಂಡ. ಕೋಟು ಇರಲಿಲ್ಲ. ಭಾವನೂ ಇರಲಿಲ್ಲ.

"ಶ್! ಏನಿಲ್ಲಮ್ಮ, ಸುಮ್ನೆ ಗಾಳಿಗೆ ಕೂತಿದ್ದೆ," ಎಂದು ಅವಳೇ ತಗ್ಗಿದ ಗಂಡುದನಿಯಲ್ಲಿ ಉತ್ತರಿಸಿದಳು. ಎರಡು ದನಿ ಕಿವಿಗೆ ಬಿದ್ದರೆ ಎರಡು ದನಿಯಲ್ಲೇ ಹೇಳಬೇಕು. ಗೋಸುಂಬೆಯಲ್ಲವೇ!

"ಯಾ... ಯಾವ ಗಾಳಿ?" ಎಂದು ಬಾಡಿಗೆದಾರ ಕೈಲಾದಷ್ಟು ಸಂಭಾಳಿಸಿದ.

"ಇದೇನು, ಫೋನಾ? ಅಕ್ಕನಿಗೆ ಓದಿ ಕೊಡ್ತಿದ್ದೀರಾ? ನಾಚಿಕೆ ಆಗಲ್ವಾ ನಿಮ್ಗೆ?" ಗೋಸುಂಬೆಯ ಕಣ್ಣಲ್ಲಿ ಬೆಂಕಿ. ಕುದುರೆಯ ಮುಂಭಾಗದ ನಟ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು ಕೂತ. "ನಾಲ್ಕು ದಿನದಿಂದ ನಂಗೆ ಊಟ ಸೇರ್ತಿಲ್ಲ ಭಾವ. ಪಾತ್ರ ನಂಗೇ ಬರ್ಲಿ ಅಂತ ಒಂದ್ ಸಲ ಅನ್ಸತ್ತೆ, ಅವಳು ಚೆನ್ನಾಗಿ ಮಾಡ್ಲಿ ಅಂತ ಇನ್ನೊಂದ್ ಸಲ ಅನ್ಸತ್ತೆ. ನಾನು ನಟಿ ಆಗಿದ್ದೇ ಅವಳನ್ನ ನೋಡಿ..."

ಗೋಸುಂಬೆಯ ಬಾಯಿ ಅಲ್ಲಿಗೆ ನಿಂತಿತು. ಕಿವಿಯಲ್ಲಿ ತಂಗಿಯ ದನಿ ಮುಂದುವರಿದೇ ಇತ್ತು. "ಪರದೆ ಪಕ್ಕ ವಿಂಗಲ್ಲಿ ನಿಂತ್ಕೊಂಡು, ಕಣ್ಣು ಮಿಟುಕಿಸ್ದೆ ನೋಡ್ತಿದ್ದೆ. ಸೋತ್ರೆ ಸೋಲ್ಲಿ ಭಾವ. ಅವಳ ಮಾತಲ್ಲೇ ಸೋಲ್ಲಿ. ನಿಮ್ಮ ಮಾತಲ್ಲಿ ಗೆಲ್ಲೋದು ಬೇಡ." ಇದು ಮಾತ್ರ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಕಿವಿಗೆ ಬಿದ್ದ ಮಾತು ದಾರಿಯಲ್ಲಿ ಎಲ್ಲೋ ಇಳಿದುಕೊಂಡಿತು.

ಅವಳು ಇಯರ್‌ಫೋನ್ ಕಿತ್ತಳು. ಗಟ್ಟಿಯಾಗಿ ಹೊಲಿದದ್ದರಿಂದ ಅದರ ಜೊತೆಗೆ ವಿಗ್ಗೂ ಬಂತು. ಎರಡನ್ನೂ ಲಾಡ್ಜಿನ ಮೇಜಿನ ಮೇಲೆ ಇಟ್ಟಳು. ಸತ್ತ ಬೆಕ್ಕಿನ ಹಾಗೆ ಬಿದ್ದ ವಿಗ್ಗಿನೊಳಗಿಂದ ಗಂಡನ ದನಿ ಸಣ್ಣಗೆ ಕೇಳುತ್ತಿತ್ತು: "ನಾನೆಲ್ಲಿ ಬೇಡ ಅಂದೆ, ಅವಳೇ ಕೇಳಲ್ಲ..."

ಮೇಷ್ಟ್ರು ಎದ್ದು ನಿಂತರು.

"ಕೂತ್ಕೊಳಿ ಮೇಷ್ಟ್ರೆ," ಎಂದಳು ಗೋಸುಂಬೆ. "ಬೈಯೋದು ಆಮೇಲೆ. ಇನ್ನೂ ಅಂಕ ಮುಗಿದಿಲ್ಲ." ಬಾಡಿಗೆದಾರನತ್ತ ತಿರುಗಿದಳು. "ನೀವು ಏನಂದ್ರಿ? ಇನ್ನೊಂದ್ ಸಲ ಹೇಳಿ."

"ನಾ... ನಾನು ರೂಮ್ ಖಾಲಿ ಮಾಡಲ್ಲ."

ಅವಳು ಅವನನ್ನು ನೋಡಿದಳು. ಗಲ್ಲದ ಮೇಲೆ ಬೆಳಗ್ಗೆ ಕ್ಷೌರದಲ್ಲಿ ಆದ ಸಣ್ಣ ಗಾಯವಿತ್ತು. ಹೆದರಿದ್ದ, ಪಾಪ. ಇಷ್ಟು ಹೆದರಿದವನು ಹೋಗುವುದಾದರೂ ಎಲ್ಲಿಗೆ ಎಂದು ಒಡತಿಗೆ ಅನ್ನಿಸಿತು.

"ಹೋಗಿ ಅಂತ ಹೇಳೋಕೆ ದಿನಾ ಮೂರು ಮಹಡಿ ಹತ್ತಿ ಬರ್ತೀನಿ," ಎಂದಳು ನಿಧಾನವಾಗಿ. "ನನ್ನ ಮಂಡಿಗಾದ್ರೂ ಮರ್ಯಾದೆ ಕೊಡಿ."

ಹಸ್ತಪ್ರತಿಯಲ್ಲಿ ಇದ್ದದ್ದೂ ಹೆಚ್ಚುಕಮ್ಮಿ ಅದೇ. ಮುಂದಿನದು ಬಂತು, ಅದರ ಮುಂದಿನದು ಬಂತು, ಆಮೇಲೆ ನಿಂತುಹೋಯಿತು. ತಲೆಯೊಳಗೆ ಬರೀ ಕತ್ತಲೆ. ಅವಳ ಕಣ್ಣು ತಾನಾಗೇ ಪಕ್ಕದ ಪರದೆಯತ್ತ ಹೊರಳಿತು. ಅಲ್ಲಿ ತಂಗಿ ಏದುಸಿರು ಬಿಡುತ್ತಾ ಬಂದು ನಿಂತಿದ್ದಳು. ಮುಂದಿನ ಸಾಲು ಅವಳ ಗಂಟಲಲ್ಲಿ ಕುದಿಯುತ್ತಿದ್ದದ್ದು ಕಾಣುತ್ತಿತ್ತು. ಅದು ಹಾರಿ ಹೊರಗೆ ಬೀಳದಿರಲೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಖ ಟೊಮೆಟೊ ಆಗಿತ್ತು.

ಗೋಸುಂಬೆ ಮತ್ತೆ ಬಾಡಿಗೆದಾರನ ಕಡೆ ತಿರುಗಿದಳು. ಕೊನೆಯವರೆಗೂ ತಿರುಗಿಯೇ ಇದ್ದಳು. ಹದಿನೇಳು ಪುಟ ಹಾರಿಸಿದಳು, ಹಾರಿಸಿದ್ದು ನೆನಪಾಗಿ ಎರಡು ಪುಟ ಹಿಂದೆ ಬಂದಳು. ಬಾಡಿಗೆದಾರ ಹೊರಟ ಬಸ್ಸಿನ ಹಿಂದೆ ಓಡುವವನ ಹಾಗೆ ಅವಳ ಹಿಂದೆ ಓಡಿದ. ನಾಟಕ ಹೇಗೋ ಮುಗಿಯಿತು.

ಮೇಷ್ಟ್ರು ಕನ್ನಡಕ ತೆಗೆದರು.

"ಮೊದಲ್ನೇ ಅಂಕದಲ್ಲಿ ಒಂದಕ್ಷರ ತಪ್ಪಿಲ್ಲ," ಎಂದರು. "ನಂಗೆ ನಿದ್ದೆ ಬಂತು. ಆಮೇಲೆ ನನ್ನ ನಾಟಕದ ಕಾಲು ಭಾಗ ಕಾಣೆಯಾಯ್ತು. ಆದ್ರೆ ಒಡತಿ ಬಂದ್ಲು." ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. "ಆ ಕಡಲೆಕಾಳು ಇನ್ನೊಂದ್ ಸಲ ಕಂಡ್ರೆ ನಿನ್ನನ್ನೂ ನಿನ್ನ ಗಂಡನ್ನೂ ಆ ಕೋಟುಗಳ ಜೊತೆ ನೇತಾಕ್ತೀನಿ. ಮೊದಲನೇ ಪ್ರದರ್ಶನಕ್ಕೆ ಮೂರು ವಾರ ಇದೆ. ಅಷ್ಟರಲ್ಲಿ ಕಾಣೆಯಾದ ಕಾಲು ಭಾಗ ಹುಡುಕಿ ತಂದ್ರೆ ಪಾತ್ರ ನಿಂದೇ."

"ಹಾಗಾದ್ರೆ ನಾನು?" ಎಂದಳು ತಂಗಿ.

"ನೀನು ಹುಡುಕ್ಸು."

ಭಾನುವಾರ ಮಧ್ಯಾಹ್ನ ಅಕ್ಕತಂಗಿಯರು ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು. ತಂಗಿ ಬಾಡಿಗೆದಾರನ ಮಾತು ಮಾತ್ರ ಹೇಳುತ್ತಿದ್ದಳು. ಒಡತಿಯ ಮಾತಿನ ಒಂದಕ್ಷರ ಕೂಡ ಬಿಟ್ಟುಕೊಡುವುದಿಲ್ಲವೆಂದು ಮೊದಲೇ ಕರಾರಾಗಿತ್ತು. ಮೂವತ್ತೊಂದನೇ ಪುಟದಲ್ಲಿ ಗೋಸುಂಬೆ ಸಿಕ್ಕಿಹಾಕಿಕೊಂಡಳು. ತಂಗಿ ಬನ್ನು ಮುರಿದು ಟೀಯಲ್ಲಿ ಅದ್ದಿ, ಆರಾಮಾಗಿ ತಿಂದಳು.

"ಒಂದೇ ಒಂದು ಪದ ಕೊಡೇ."

"ಕೊಡಲ್ಲ."

"ಮೊದಲನೇ ಅಕ್ಷರ?"

"ನನ್ನ ಮುಖ ನೋಡೇ ಅಕ್ಕ. ಐದು ವರ್ಷದಿಂದ ನಿನ್ನ ಲಾಡ್ಜಲ್ಲಿ ಠಿಕಾಣಿ ಹೂಡಿದ್ದೀನಿ. ಈಗ ನಿನ್ನ ಟವೆಲಲ್ಲಿ ಬೂಟು ಒರೆಸ್ತಿದ್ದೀನಿ. ಏನಂತೀಯಾ?"

ಗೋಸುಂಬೆ ನೋಡಿದಳು. ಹಣೆಯ ಮೇಲೆ ನೆರಿಗೆ ಬಂತು, ಹೋಯಿತು. ಪಕ್ಕದ ಕೋಣೆಯಲ್ಲಿ ಗಂಡನಿಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡ.

"ನೀವು ಸುಮ್ನಿರಿ!" ಎಂದು ಅಕ್ಕತಂಗಿಯರಿಬ್ಬರೂ ಒಟ್ಟಿಗೇ ಕೂಗಿದರು.

ನಲ್ಲಿಯಿಂದ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತಂಗಿ ತಿನ್ನುವುದನ್ನು ನಿಲ್ಲಿಸಿ ಕಾದಳು. ಆಗ ಗೋಸುಂಬೆ ಮೇಜಿನ ಮೇಲೆ ಬಾಗಿ, ಅವಳ ಕೈಯಲ್ಲಿದ್ದ ಅರ್ಧ ಬನ್ನನ್ನು ಕಿತ್ತುಕೊಂಡು, ಮೂವತ್ತೊಂದನೇ ಪುಟವನ್ನು ಮೊದಲಿನಿಂದ ಕೊನೆಯವರೆಗೂ ಅವಳ ಮುಖಕ್ಕೇ ಹೇಳಿದಳು.