ಅರ್ಧಕ್ಕೆ ನಿಂತ ಪದ

ಹಾರ್ಮೋನಿಯಂ ತಿದಿ ಒತ್ತುತ್ತಿದ್ದ ಅಮೀನಪ್ಪನ ಕೈ ತಟಕ್ಕನೆ ನಿಂತಿತು. ಕುರುಬರಹಳ್ಳಿಯ ಆ ಓಣಿಯಲ್ಲಿ, ಶಾಮಿಯಾನದ ಆಚೆ, ಮಫ್ತಿ ಪೊಲೀಸು ಸುಬ್ರಮಣಿ ಫೋನು ಎತ್ತಿ ಹಿಡಿದು ಬಂದವರ ಮುಖವನ್ನೆಲ್ಲ ವಿಡಿಯೋ ಮಾಡುತ್ತಿದ್ದ. ಮೂರು ವರ್ಷದಿಂದ ಯಾವ ಸಂಗೀತ ಕಛೇರಿಗೆ ಹೋದರೂ ಪತ್ರಕರ್ತ ರುದ್ರಮುನಿಯ ಹಿಂದಿನ ಕುರ್ಚಿ ಇವನದೇ. ಈಗ ರುದ್ರಮುನಿ ವಿಭೂತಿ ಬಳಿಸಿಕೊಂಡು, ಗೋಡೆಗೊರಗಿ ಹೆಣವಾಗಿ ಕೂತಿದ್ದರೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

“ಯಾಕ ನಿಲ್ಲಿಸಿದ್ರಿ? ಆ ಪದ ಹಾಡ್ರಿ,” ಎಂದಳು ರುದ್ರಮುನಿಯ ಹೆಂಡತಿ ಶಾಂತವ್ವ.

“ಬ್ಯಾಡವ್ವಾ. ಅಂವ ರೆಕಾರ್ಡ್ ಮಾಡಾಕತ್ತಾನ. ನನಗೂ ಮಕ್ಕಳು ಮರಿ ಅದಾವ.”

ಶಾಂತವ್ವನ ಮೈ ಉರಿದುಹೋಯಿತು. ಯಾರ ಪದಕ್ಕಾಗಿ ಗಂಡ ಮನೆಮಠ ಹಾಳುಮಾಡಿಕೊಂಡನೋ ಅವನ ಬಾಯಲ್ಲಿ ಈ ಮಾತು!

*

ರುದ್ರಮುನಿ ಬರೆಯುತ್ತಿದ್ದದ್ದು ಬರೀ ಸಂಗೀತದ ಸುದ್ದಿ. ಯಾರು ಎಲ್ಲಿ ಹಾಡಿದರು, ತಬಲಾ ಯಾರದು, ಅಷ್ಟೇ. ಒಮ್ಮೆ ಮಲ್ಲತ್ತಹಳ್ಳಿಯ ವೇದಿಕೆಯಲ್ಲಿ ಅಮೀನಪ್ಪ, ಕೆರೆ ನುಂಗಿದವರ ಮೇಲೆ ತಾನೇ ಕಟ್ಟಿದ ಪದ ಎತ್ತಿಕೊಂಡ. ಮೊದಲ ಸಾಲಿಗೇ ಮೈಕು ಸತ್ತಿತು. ಉಳಿದ ಪತ್ರಿಕೆಗಳು ‘ಕಾರ್ಯಕ್ರಮ ಯಶಸ್ವಿ’ ಎಂದವು. ರುದ್ರಮುನಿ ಮಾತ್ರ ಮೈಕು ಆಫ್ ಮಾಡಿಸಿದವನು ಮಂತ್ರಿಯ ಆಪ್ತನೆಂದು ಹೆಸರು ಸಮೇತ ಬರೆದ.

ಅಂಕಣ ಹೋಯಿತು. ಪೊಲೀಸರು ಅವನ ಫೋನು ಕದ್ದು ಕೇಳುತ್ತಾರೆಂದು ಗೊತ್ತಾದದ್ದೇ ತಡ, ಹಾಡುವವರು ಒಬ್ಬರೂ ಅವನ ಕರೆ ಎತ್ತಲಿಲ್ಲ. ಅಮೀನಪ್ಪನೂ ಎತ್ತಲಿಲ್ಲ. ರುದ್ರಮುನಿ ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಮುಂದೆ ಆ ಮೊದಲ ಸಾಲು ಗುನುಗಿ, “ಎರಡನೇ ಸಾಲು ಏನಿತ್ತೋ, ಕೇಳಬೇಕಿತ್ತಲ್ಲೇ,” ಅನ್ನುತ್ತಿದ್ದ. ಕೇಳದೆಯೇ ಹೋದ.

*

ರುದ್ರಭೂಮಿಯಲ್ಲಿ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಅಲ್ಲಿಗೂ ಬಂದು ಫೋನು ಹಿಡಿದು ನಿಂತಿದ್ದ ಸುಬ್ರಮಣಿಯ ಎದುರಿಗೇ ಶಾಂತವ್ವ ಹೋದಳು.

“ಬಾರಪ್ಪಾ, ಮಣ್ಣು ಹಾಕು. ನನಗಿಂತ ಹೆಚ್ಚು ಅವರ ಬೆನ್ನಿಗಿದ್ದವ ನೀನು.”

“ಡ್ಯೂಟೀಲಿದೀನಿ ಅಮ್ಮಾ. ನನ್ ಕೆಲ್ಸ ನಾನ್ ಮಾಡ್ತಿದೀನಿ ಅಷ್ಟೆ.”

“ಸತ್ತವರಿಗೆ ಮಣ್ಣು ಹಾಕಾಕ ನಿಮ್ಮ ಸಾಹೇಬರ ಪರ್ಮಿಷನ್ ಬೇಕೇನು? ಹಾಕು! ಎರಡೂ ಕೈಲೆ!”

ಜನ ತಿರುಗಿ ನೋಡಿದರು. ಸುಬ್ರಮಣಿ ಫೋನು ಜೇಬಿಗಿಳಿಸಿ ಬಗ್ಗಿದ. ಹಸಿ ಕೆಮ್ಮಣ್ಣು ಬೆರಳಿಗೆಲ್ಲ ಮೆತ್ತಿಕೊಂಡಿತು.

ಜನ್ಮದಲ್ಲಿ ನಾಲ್ಕು ಜನರ ಮುಂದೆ ಹಾಡದಿದ್ದ ಶಾಂತವ್ವ ಒಡಕು ದನಿ ತೆಗೆದಳು. “ಕೆರಿ ನುಂಗಿದವನ ಹೊಟ್ಟ್ಯಾಗ ಕಪ್ಪಿ ಒದರತಾವ…” ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಿಲ್ಲಿಸಿ, ಅಮೀನಪ್ಪನನ್ನು ದುರುಗುಟ್ಟಿ ನೋಡಿದಳು.

ಅಮೀನಪ್ಪ ತಲೆ ತಗ್ಗಿಸಿದ. ಆಮೇಲೆ ಕಣ್ಣು ಮುಚ್ಚಿ ಎತ್ತಿಕೊಂಡ. “ಬಾಯಿ ಬಿಗಿದರ ಕಿವಿಯಾಗ ಕೂಗತಾವ…”

ಸುಬ್ರಮಣಿ ಲಗುಬಗೆಯಿಂದ ಫೋನು ತೆಗೆದು ಹೆಬ್ಬೆರಳೊತ್ತಿದ. ಲಾಕು ತೆರೆಯಲಿಲ್ಲ. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದ. ಗಾಜಿನ ಮೇಲೆ ಕೆಮ್ಮಣ್ಣಿನ ಹೆಬ್ಬೆಟ್ಟು ಮೂಡಿತು. ಗುಂಡಿಯ ಸುತ್ತ ಎಲ್ಲರೂ ಅಮೀನಪ್ಪನ ಹಿಂದೆ ಹಾಡುತ್ತಿದ್ದರು.