ವೇದಿಕೆಯ ಹಸಿರು ದೀಪ

ಅಪ್ಪನ ಕೆಮ್ಮು ಕೇಳುತ್ತಲೇ ಬೆಳೆದ ನನ್ನ ತಂಗಿ ಕೊನೆಗೆ ಕೆಮ್ಮಿನ ಮೇಲೆಯೇ ಸಂಶೋಧನೆಗೆ ಕೂತಳು. ಮೈಕಿನ ಮುಂದೆ ಕೆಮ್ಮಿದರೆ ಸಾಕು, ಶ್ವಾಸಕೋಶ ಚೆನ್ನಾಗಿದ್ದರೆ ಅವಳ ಪೆಟ್ಟಿಗೆಯಲ್ಲಿ ಹಸಿರು ದೀಪ, ಕೆಟ್ಟಿದ್ದರೆ ಕೆಂಪು. ಅಪ್ಪ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕಲ್ಲು ಪಾಲಿಶ್ ಕಾರ್ಖಾನೆಯ ಧೂಳು ಕುಡಿದು ಕುಡಿದು, ಮಲಗಿದರೆ ಉಸಿರು ಕಟ್ಟುತ್ತದೆಂದು ಈಗ ಕೂತೇ ನಿದ್ದೆ ಮಾಡುವ ಮನುಷ್ಯ. ಆಸ್ಪತ್ರೆ ಅಂದ ಕೂಡಲೇ ಎಲ್ಲಿಲ್ಲದ ಆರೋಗ್ಯ ಬಂದುಬಿಡುತ್ತಿತ್ತು. ನಾವಿಬ್ಬರೂ ಕಾಡಿ ಬೇಡಿ, ಊಟ ಬಿಟ್ಟು ಹೆದರಿಸಿ, ಸೋಮವಾರ ಡಾಕ್ಟರ ಬಳಿ ಬರಲು ಅಂತೂ ಒಪ್ಪಿಸಿದ್ದೆವು.

ಶನಿವಾರ ತಂಗಿಯ ಕಾರ್ಯಕ್ರಮ. ಯುವ ಸಂಶೋಧಕರು ತಮ್ಮ ಕೆಲಸವನ್ನು ಜನರಿಗೆ ನಗಿಸುತ್ತಾ ಹೇಳಬೇಕು. ಯಾರಿಗೆ ಚಪ್ಪಾಳೆ ಜೋರೋ ಅವರು ಗೆದ್ದಂತೆ. ಇರುವೆಗಳ ಮೇಲೆ ಓದುತ್ತಿದ್ದವನು ಇರುವೆಯ ಹಾಗೆ ಕುಣಿದು ಹೋದ. ತಂಗಿ ಬಂದು, ಭಾಷಣದ ನಡುವೆ ಮಾತು ಮರೆತ ಅಧ್ಯಕ್ಷರ ಕೆಮ್ಮು, ಅತ್ತೆಮನೆಯಲ್ಲಿ ಕಾಫಿಗೆ ಕಾದ ಅಳಿಯನ ಕೆಮ್ಮು ಎಲ್ಲ ಮಾಡಿ ತೋರಿಸಿದಳು. ಜನ ಬಿದ್ದು ಬಿದ್ದು ನಕ್ಕರು.

"ಈಗ ಯಾರಾದ್ರೂ ಬಂದು ಕೆಮ್ತೀರಾ?" ಅಂದಳು.

ಒಂದು ಗುಟ್ಟು ನನಗೆ ಗೊತ್ತಿತ್ತು. ಯಾರ ಕಾಯಿಲೆಯನ್ನೂ ನಾಲ್ಕು ಜನರೆದುರು ಬಯಲು ಮಾಡಬಾರದೆಂದು ಅವಳ ಗೈಡ್ ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಅಂದು ಯಾರು ಕೆಮ್ಮಿದರೂ ಹಸಿರೇ ಹತ್ತುವಂತೆ ಮಾಡಿಟ್ಟಿದ್ದಳು.

ಪಕ್ಕದಲ್ಲಿದ್ದ ಅಪ್ಪ ಎದ್ದುಬಿಟ್ಟ. ಅಂಗಿ ಹಿಡಿದು ಎಳೆದೆ. "ಕೂತ್ಕೋಪ್ಪ, ಅದು ಬರೀ ಆಟ!"

"ಬಿಡೇ, ಯಾರೂ ಹೋಗ್ದಿದ್ರೆ ಮಗಳ ಮರ್ಯಾದೆ ಏನಾಗ್ಬೇಕು?"

ಅಪ್ಪನನ್ನು ಕಂಡು ತಂಗಿಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮೈಕು ಅಪ್ಪನ ಕೈಯಲ್ಲಿತ್ತು. ಒಂದು ಸಲ ಕೆಮ್ಮಲು ಹೋದವನಿಗೆ ಆಮೇಲೆ ನಿಲ್ಲಿಸಲಾಗಲಿಲ್ಲ. ಅದನ್ನೂ ನಟನೆ ಅಂದುಕೊಂಡು ಹೊಟ್ಟೆ ಹಿಡಿದು ನಕ್ಕವರನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಹಸಿರು ದೀಪ ಹತ್ತಿತು. ಸೂರು ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ತಂಗಿ ಗೆದ್ದಳು.

ಮನೆಗೆ ಬಂದವಳೇ ಅಪ್ಪನ ಕಾಲ ಬಳಿ ಕೂತು ಎಲ್ಲ ಬಿಡಿಸಿ ಹೇಳಿದಳು. "ಅದು ಸುಳ್ಳು ದೀಪ ಅಪ್ಪ. ಸೋಮವಾರ ಹೋಗ್ಲೇಬೇಕು."

"ಅಷ್ಟು ಜನರ ಮುಂದೆ ಸುಳ್ಳು ಹೇಳೋಳಲ್ಲ ನನ್ನ ಮಗಳು. ನನ್ನನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗೋಕೆ ಈಗ ಕಥೆ ಕಟ್ತಿದ್ದೀಯ."

ಸೋಮವಾರ ಅಪ್ಪ ಎಂದಿನಂತೆ ಕೆಲಸಕ್ಕೆ ಹೋದ. ಸಂಜೆ ಕಾರ್ಖಾನೆಯ ಮೂವರು ಗೆಳೆಯರನ್ನೂ ಮನೆಗೆ ಕರೆತಂದ. ಅವರ ಕಣ್ಣುರೆಪ್ಪೆಯ ಮೇಲೂ ಬಿಳಿ ಧೂಳು ಕೂತಿತ್ತು.

"ನಮಗೂ ಹಸಿರು ತೋರ್ಸಮ್ಮ" ಅಂದರು.

ತಂಗಿ ಪೆಟ್ಟಿಗೆಯನ್ನು ಮತ್ತೆ ನಿಜವನ್ನೇ ತೋರಿಸುವಂತೆ ಸರಿಮಾಡಿ, ತುಟಿ ಕಚ್ಚಿಕೊಂಡು ಒಬ್ಬೊಬ್ಬರಿಗೂ ಮೈಕು ಹಿಡಿದಳು. ಮೂವರಿಗೂ ಕೆಂಪು. ಕೊನೆಗೆ ಅಪ್ಪನೂ ಕೆಮ್ಮಿದ. ಅದೂ ಕೆಂಪೇ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಗಂಡಸರು ಮುಖ ಮುಖ ನೋಡಿಕೊಂಡರು, ಆಮೇಲೆ ನಕ್ಕರು. ಅಪ್ಪ ಅವಳ ತಲೆ ಸವರಿದ.

"ಅಳ್ಬೇಡ ಕಣೇ. ಎಲ್ಲರಿಗೂ ಒಂದೇ ಬಣ್ಣ ತೋರಿಸ್ತಿದೆ ಅಂದ್ರೆ ಯಂತ್ರ ಕೆಟ್ಟಿದೆ, ಅಷ್ಟೆ. ರಿಪೇರಿ ಮಾಡ್ಸು."